ಕ್ಯಾರಬೀಜವಿಲ್ಲದ ಮನೆ

ನನ್ನ ಸೋದರತ್ತೆ ನಾಗಮ್ಮ ಯಾವಾಗಲೂ ನನ್ನ ಬಲಗಡೆಗೇ ಕೂಡುತ್ತಿದ್ದಳು. ಊಟಕ್ಕೆ ಕೂತರೂ ಅಷ್ಟೇ, ಸುರಪುರದ ಬಸ್ಸಿನಲ್ಲಿ ಕೂತರೂ ಅಷ್ಟೇ. ನಾನು ಬೇಕೆಂದೇ ಮೊದಲು ಹೋಗಿ ಬಲಭುಜವನ್ನು ಗೋಡೆಗೆ ಒತ್ತಿ ಕೂತರೆ ಅವಳು ಎದುರಿಗೆ ಕೂಡುತ್ತಿದ್ದಳೇ ಹೊರತು ಎಡಗಡೆಗೆ ಬರುತ್ತಿರಲಿಲ್ಲ. ನನ್ನ ಕಲೆ ಇರುವುದು ಎಡಗೆನ್ನೆಯ ಮೇಲೆ. ಇದನ್ನು ನಾನು ಶಾಲೆಗೆ ಹೋಗಲು ಶುರುಮಾಡಿದ ವಯಸ್ಸಿನಲ್ಲೇ ಕಂಡುಹಿಡಿದಿದ್ದೆ, ಯಾರಿಗೂ ಹೇಳಿರಲಿಲ್ಲ. ಹಾಗೆ ಹೇಳದೆ ಇಟ್ಟುಕೊಂಡ ಸಂಗತಿಗಳು ನನ್ನ ಬಳಿ ಬಹಳ ಇದ್ದವು. ಈಗ ಅತ್ತೆ ತೀರಿಕೊಂಡು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ನಿನ್ನನ್ನು ಹೊಟ್ಟೆಯ ಮಗಳಂತೆ ಸಾಕಿದಳು ಎನ್ನುತ್ತಾರೆ. ಹೌದು ಎನ್ನುತ್ತೇನೆ. ಆದರೆ ಆ ಮನೆಯಲ್ಲಿ ನಾನು ಬೆಳೆದದ್ದು ಅವಳ ಮೇಲೆ ಒಂದು ಕಣ್ಣಿಟ್ಟುಕೊಂಡು. ಅದನ್ನು ಬಿಟ್ಟು ಅವಳನ್ನು ನೆನೆಯಲು ಹೋದರೆ ಬೇರೆ ಯಾರನ್ನೋ ನೆನೆದಂತೆ ಆಗುತ್ತದೆ.

ಶಹಾಪುರದಲ್ಲಿ ಬೆಟ್ಟದ ಕಡೆಯ ಓಣಿಯಲ್ಲಿ ನಮ್ಮ ಮನೆ ಇತ್ತು. ಮಡಿವಾಳರ ಮನೆಯೆಂದರೆ ಊರಿನ ಅರ್ಧ ಮಂದಿ ಬಟ್ಟೆಯ ರೂಪದಲ್ಲಿ ನಮ್ಮೊಂದಿಗೇ ಇದ್ದಂತೆ. ಮುಂದಿನ ಪಡಸಾಲೆಯಲ್ಲಿ ಅಪ್ಪನ ಮೇಜು, ಇದ್ದಿಲಿನ ಇಸ್ತ್ರಿ, ನೀರು ಚಿಮುಕಿಸುವ ತಂಬಿಗೆ. ನಡುಮನೆಯಲ್ಲಿ ಗಂಟುಗಳು: ವಕೀಲರ ಮನೆಯದು, ಕಿರಾಣಿ ಅಂಗಡಿಯವರದು, ಮಾಸ್ತರರದು, ಕಂಪೌಂಡರರದು. ನಾನು ಆ ಗಂಟುಗಳಿಗೆ ಒರಗಿಯೇ ಓದುತ್ತಿದ್ದೆ, ಅವುಗಳ ಮೇಲೆಯೇ ನಿದ್ದೆ ಹೋಗುತ್ತಿದ್ದೆ. ಹಿತ್ತಲಲ್ಲಿ ಭಟ್ಟಿ, ಅಂದರೆ ಸೋಡಾ ನೀರಿನ ಉಗಿಯಲ್ಲಿ ಬಟ್ಟೆ ಬೇಯಿಸುವ ದೊಡ್ಡ ಒಲೆ. ಭಟ್ಟಿ ಹಚ್ಚಿದ ದಿನ ಮನೆಯೆಲ್ಲ ಪರರ ಬೆವರಿನ ವಾಸನೆ, ಮರುದಿನ ನೀಲಿ ಮತ್ತು ಗಂಜಿಯ ವಾಸನೆ. ಅಡುಗೆಮನೆ ಒಂದೇ ಆದರೂ ಅಲ್ಲಿ ಇಬ್ಬರು ಹೆಂಗಸರು. ಅವ್ವ ರೊಟ್ಟಿ ಬಡಿಯುವಳು, ಅತ್ತೆ ಪುಂಡಿಪಲ್ಯ ಕುದಿಸುವಳು. ಉಪ್ಪು ಹಾಕಿದೆಯಾ ಎಂದು ಒಬ್ಬರನ್ನೊಬ್ಬರು ಕೇಳುವ ಪದ್ಧತಿ ಇರಲಿಲ್ಲ. ಆದ್ದರಿಂದ ನಮ್ಮ ಮನೆಯ ಪಲ್ಯ ಒಂದು ದಿನ ಸಪ್ಪಗೆ, ಒಂದು ದಿನ ಎರಡು ಪಟ್ಟು ಉಪ್ಪು. ಅಪ್ಪ ಎರಡನ್ನೂ ಮಾತಿಲ್ಲದೆ ಉಂಡು, ತಟ್ಟೆಯಲ್ಲೇ ಕೈ ತೊಳೆದು, ಮತ್ತೆ ಇಸ್ತ್ರಿಯ ಮುಂದೆ ನಿಲ್ಲುತ್ತಿದ್ದ.

ಅತ್ತೆ ಅಪ್ಪನ ತಂಗಿ. ಅವಳನ್ನು ಕಕ್ಕೇರಾಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ಇನ್ನೊಬ್ಬಳನ್ನು ತಂದುಕೊಂಡ, ಇವಳು ಒಂದು ತಗಡಿನ ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು. ಅವಳು ಬಂದಾಗ ನಾನು ಅವ್ವನ ಹೊಟ್ಟೆಯಲ್ಲಿದ್ದೆನಂತೆ. ನನಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋಗಿದ್ದವು. ಹಾಗಿರುವಾಗ ಮಕ್ಕಳಿಲ್ಲದವಳು ಮನೆಗೆ ಬಂದು ಕೂತರೆ ಓಣಿಯ ಬಾಯಿ ಸುಮ್ಮನಿರುತ್ತದೆಯೇ. ಬಂಜೆಯ ಕಣ್ಣು ಎಂಬ ಮಾತನ್ನು ನಾನು ಅರ್ಥ ತಿಳಿಯುವ ಮೊದಲೇ ಕೇಳಿದ್ದೆ. ಅವ್ವ ಆ ಮಾತನ್ನು ಎದುರಿಗೆ ಆಡುತ್ತಿರಲಿಲ್ಲ. ಆದರೆ ಒಮ್ಮೆ, ಖಾರದಪುಡಿಯ ಡಬ್ಬಿಯ ಮುಚ್ಚಳ ಯಾರು ತೆರೆದಿಟ್ಟರು ಎಂಬ ಜಗಳದಲ್ಲಿ, ಮುಚ್ಚಳದಿಂದ ಹೊರಟ ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಇಲ್ಲಿಗೆ ಬಂತು:

"ನಿನ್ನ ಕಣ್ಣಿನ ಸಲುವಾಗಿಯೇ ನನ್ನ ಕೂಸಿನ ಮಾರಿ ಹಾಳಾತು."

ನಾನು ಗಂಟುಗಳ ಹಿಂದೆ ಇದ್ದೆ. ಅತ್ತೆ ತಿರುಗಿ ಮಾತಾಡಲಿಲ್ಲ. ಡಬ್ಬಿಯ ಮುಚ್ಚಳ ಹಾಕುವ ಸಪ್ಪಳ ಕೇಳಿಸಿತು, ಅಷ್ಟೇ. ಸುಳ್ಳಾಗಿದ್ದರೆ ಅಲ್ಲ ಎನ್ನುತ್ತಿದ್ದಳು ಎಂದು ನಾನು ಲೆಕ್ಕ ಹಾಕಿದೆ. ಅಂದಿನಿಂದ ನನ್ನ ಮಟ್ಟಿಗೆ ಇದು ತೀರ್ಮಾನವಾಯಿತು. ಹೇಗೆ ಮಾಡಿದಳೋ ತಿಳಿಯದು, ನನ್ನ ಮುಖ ಹೀಗೆ ಮಾಡಿದ್ದು ಮಾತ್ರ ಇವಳೇ.

ಆ ಕಲೆ ಕಿವಿಯ ಹತ್ತಿರದಿಂದ ಬಾಯಿಯ ಕಡೆಗೆ ಇಳಿದಿತ್ತು, ಈಗಲೂ ಇದೆ. ಅಂಚು ಕಪ್ಪು, ನಡುವೆ ಸುಕ್ಕು. ಅದರ ಬಗ್ಗೆ ಮನೆಯಲ್ಲಿ ಮೂರು ಕಥೆಗಳಿದ್ದವು. ಅವ್ವನನ್ನು ಕೇಳಿದರೆ ದೀಪದ ಎಣ್ಣೆ ಸಿಡಿಯಿತು ಎನ್ನುತ್ತಿದ್ದಳು. ಅತ್ತೆಯನ್ನು ಕೇಳಿದರೆ ಹುಟ್ಟುತ್ತಲೇ ಇತ್ತು ಎನ್ನುತ್ತಿದ್ದಳು. ಅಪ್ಪನನ್ನು ಕೇಳಿದರೆ ಹೋಗಿ ಇದ್ದಿಲು ತಾ ಎನ್ನುತ್ತಿದ್ದ. ಒಂದೇ ಮನೆಯ ಮೂವರು ಒಂದು ಕಥೆ ಕೂಡಿಸಿಕೊಳ್ಳಲಿಲ್ಲವೆಂದರೆ ಅದರೊಳಗೆ ಏನೋ ಇದೆ. ನಮ್ಮ ಮನೆಯ ಕನ್ನಡಿ ಅಪ್ಪ ಗಡ್ಡ ಕೆರೆದುಕೊಳ್ಳುವ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದು. ನನಗೆ ಎಟುಕದಿರಲೆಂದೇ ಅಷ್ಟು ಮೇಲೆ ಹಾಕಿದ್ದಾರೆಂದು ನಾನು ನಂಬಿದ್ದೆ. ಮದುವೆಗೆ ಕರೆದೊಯ್ಯದಿದ್ದರೆ ಮುಖದ ಸಲುವಾಗಿ ಎಂದುಕೊಳ್ಳುತ್ತಿದ್ದೆ. ಕರೆದೊಯ್ದರೆ ಯಾರಿಗೆ ತೋರಿಸಲು ಎಂದುಕೊಳ್ಳುತ್ತಿದ್ದೆ. ಶಾಲೆಯಲ್ಲಿ ಎಡಕ್ಕೆ ಗೋಡೆ ಸಿಗುವ ಜಾಗಕ್ಕಾಗಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗುತ್ತಿದ್ದೆ. ಮಾಸ್ತರರು ಅದನ್ನು ಓದಿನ ಆಸಕ್ತಿ ಎಂದು ತಿಳಿದು ನನ್ನನ್ನು ಹೊಗಳಿದರು. ಹೊಗಳಿದ ಮೇಲೆ ಎಲ್ಲರೂ ತಿರುಗಿ ನೋಡಿದರು. ಅವರ ಮೇಲೂ ನನಗೆ ಅನುಮಾನ ಬಂತು.

ಹುಡುಗರ ಮಾತು ಬೇರೆ. ಅವರು ಮುಚ್ಚಿಡುತ್ತಿರಲಿಲ್ಲ. ನಮ್ಮ ಕಡೆ ಮಡಿವಾಳರು ಯಾವ ಬಟ್ಟೆ ಯಾರ ಮನೆಯದು ಎಂದು ತಿಳಿಯಲು ಕ್ಯಾರಬೀಜದಿಂದ ಗುರುತು ಹಾಕುತ್ತಾರೆ. ಅದು ಗುಡ್ಡದಲ್ಲಿ ಸಿಗುವ ಕಪ್ಪು ಕಾಯಿ. ಅದಕ್ಕೆ ಸೂಜಿ ಚುಚ್ಚಿ, ಸೂಜಿಯ ತುದಿಗೆ ಹತ್ತಿದ ಎಣ್ಣೆಯನ್ನು ಬಟ್ಟೆಯ ಅಂಚಿಗೆ ಮುಟ್ಟಿಸಿ, ಮೇಲೆ ಸುಣ್ಣ ತಾಕಿಸಿದರೆ ಚುಕ್ಕೆ ಕಪ್ಪಗೆ ಕೂಡುತ್ತದೆ. ಬಟ್ಟೆ ಹರಿದರೂ ಚುಕ್ಕೆ ಹೋಗುವುದಿಲ್ಲ. ಒಂದು ಮನೆಗೆ ಒಂದು ಚುಕ್ಕೆ, ಇನ್ನೊಂದು ಮನೆಗೆ ಚುಕ್ಕೆಯ ಪಕ್ಕ ಗೀರು, ಹೀಗೆ. ಒಬ್ಬ ಹುಡುಗ ಪ್ರಾರ್ಥನೆಯ ಸಾಲಿನಲ್ಲಿ ನನ್ನ ಹಿಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

"ಇಕಿಗೂ ಇವರಪ್ಪ ಗುರ್ತ ಹಾಕ್ಯಾನ ನೋಡ್ರಲೇ, ಗಂಟಿನ್ಯಾಗ ಕಳಕೊಂಡು ಹೋಗಬಾರ್ದಂತ."

ಎಲ್ಲರೂ ನಕ್ಕರು. ನಾನು ಮನೆಗೆ ಬಂದು ನಡುಮನೆಯ ಗಂಟುಗಳನ್ನು ಬಿಚ್ಚಿ ನೋಡಿದೆ. ನೋಡಿದ್ದೇನೂ ಹೊಸದಲ್ಲ, ಆದರೆ ಅವತ್ತು ಮೊದಲ ಸಲ ವಿಚಿತ್ರವೆನಿಸಿತು. ನಮ್ಮ ಮನೆಯ ಒಂದೇ ಒಂದು ಬಟ್ಟೆಯ ಮೇಲೂ ಕ್ಯಾರಬೀಜದ ಚುಕ್ಕೆ ಇರಲಿಲ್ಲ. ನಮ್ಮಲ್ಲಿ ದಾರದ ಗುರುತು. ಅತ್ತೆ ಬಟ್ಟೆಯ ಒಳ ಅಂಚಿಗೆ ಬಣ್ಣದ ದಾರದಿಂದ ಒಂದು ಅಡ್ಡ ಹೊಲಿಗೆಯನ್ನೋ ಎರಡು ಉದ್ದ ಹೊಲಿಗೆಯನ್ನೋ ಹಾಕುತ್ತಿದ್ದಳು. ಊರಲ್ಲಿ ಉಳಿದ ಮಡಿವಾಳರ ಮನೆಗಳಲ್ಲಿ ಚುಕ್ಕೆ, ನಮ್ಮ ಮನೆಯಲ್ಲಿ ಮಾತ್ರ ದಾರ. ಅದಕ್ಕೆ ಹೊತ್ತು ಹಿಡಿಯುತ್ತದೆ, ದಾರ ಸವೆದಾಗ ಮತ್ತೆ ಹಾಕಬೇಕು. ಯಾಕೆ ಎಂದು ಕೇಳಿದೆ. ನಿಮ್ಮಪ್ಪನ ಖುಷಿ ಎಂದಳು ಅವ್ವ. ಅಪ್ಪ ಯಾವುದರಲ್ಲೂ ಖುಷಿ ತೋರಿಸಿದವನಲ್ಲ. ನಾನು ಅದನ್ನೂ ಹೇಳದೆ ಇಟ್ಟುಕೊಂಡ ಸಂಗತಿಗಳಿಗೆ ಸೇರಿಸಿದೆ.

ಅದೇ ವಾರ ನಾನು ಒಂದು ಕೆಲಸ ಮಾಡಿದೆ. ಊರವರ ಎಲೆಅಡಿಕೆಯ ಕಲೆ, ಎಣ್ಣೆಯ ಕಲೆ, ತುಕ್ಕಿನ ಕಲೆ ಎಲ್ಲವೂ ನಮ್ಮ ಹಿತ್ತಲಲ್ಲಿ ಹೋಗುತ್ತಿದ್ದವು. ನನ್ನದೊಂದು ಯಾಕೆ ಉಳಿಯಬೇಕು. ಬಿಳಿ ಬಟ್ಟೆಗೆ ಹಾಕುವ ಬ್ಲೀಚಿಂಗ್ ಪುಡಿಯನ್ನು ಅಂಗೈಯಲ್ಲಿ ಕಲಸಿ ಕೆನ್ನೆಗೆ ಹಚ್ಚಿ ಭಟ್ಟಿಯ ಹಿಂದೆ ಕೂತೆ. ಉರಿ ಹತ್ತಿತು. ಉರಿಯುವುದೇ ಕೆಲಸ ಮಾಡುತ್ತಿರುವುದಕ್ಕೆ ಸಾಕ್ಷಿ ಎಂದುಕೊಂಡು ಹಲ್ಲು ಕಚ್ಚಿ ಕೂತಿದ್ದೆ. ಅತ್ತೆ ವಾಸನೆ ಹಿಡಿದು ಬಂದಳು. ಬೈಯಲಿಲ್ಲ, ಏನೆಂದು ಕೇಳಲೂ ಇಲ್ಲ. ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, ಕೊಡದ ನೀರನ್ನೆಲ್ಲ ಕೆನ್ನೆಯ ಮೇಲೆ ಸುರಿದಳು, ಮತ್ತೊಂದು ಕೊಡ ತಂದು ಅದನ್ನೂ ಸುರಿದಳು. ಎರಡು ಕೊಡ ಸಾಲದೆಂದು ಮೂರನೆಯದಕ್ಕೆ ಓಡಿದಳು. ತಪ್ಪು ಮಾಡಿದವರೇ ಇಷ್ಟು ಅವಸರಪಡುತ್ತಾರೆ ಎಂದು ನಾನು ಬಗ್ಗಿಕೊಂಡೇ ಯೋಚಿಸಿದೆ.

ಮರುದಿನ ಶಾಲೆಯಿಂದ ಬಂದಾಗ ನಡುಮನೆಯಲ್ಲಿ ಗಂಟುಗಳ ನಡುವೆ ಒಂದು ಚಾಪೆ ಹಾಸಿತ್ತು. ಅತ್ತೆ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು. ಇನ್ನು ಗುರುತು ಹಾಕುವ ಕೆಲಸ ನಿನ್ನದು, ನನಗೆ ಕಣ್ಣು ಮಂಜಾಗುತ್ತಿದೆ ಎಂದಳು. ಅವಳ ಕಣ್ಣು ಮಂಜಾಗಿರಲಿಲ್ಲ. ಅಕ್ಕಿಯೊಳಗಿನ ಹುಳ ಆರಿಸುತ್ತಿದ್ದವಳು. ನನಗೆ ಕೂಡಲೇ ಹೊಳೆಯಿತು. ಬಟ್ಟೆ ಕೊಡಲು ಬರುವವರಿಗೆ ಮುಂದಿನ ಪಡಸಾಲೆಯಲ್ಲಿ ನನ್ನ ಮುಖ ಕಾಣಬಾರದು. ಅದಕ್ಕೆ ಈ ಚಾಪೆ, ಅದಕ್ಕೆ ಈ ಸೂಜಿ. ಆದರೂ ಕೂತೆ, ಯಾಕೆಂದರೆ ನನಗೂ ಮುಂದೆ ಹೋಗುವುದು ಬೇಕಿರಲಿಲ್ಲ.

ಮೊದಲ ದಿನಗಳಲ್ಲಿ ಬೆರಳಿಗೇ ಹೆಚ್ಚು ಹೊಲಿಗೆ ಬಿದ್ದವು. ಅತ್ತೆ ಬಲಗಡೆ ಕೂತು ತೋರಿಸುತ್ತಿದ್ದಳು. ಒಂದು ದಿನ ಹಬ್ಬದ ಗಂಟುಗಳು ತುಂಬಿ ಜಾಗವಿಲ್ಲದೆ ನಾನೇ ಅವಳ ಆಚೆ ಬದಿಗೆ ಹೋಗಿ ಕೂರಬೇಕಾಯಿತು. ಹಸಿರು ದಾರ ಎಲ್ಲಿದೆ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಅವಳು ಹೊಲಿಯುತ್ತಲೇ ಇದ್ದಳು. ಮೊಣಕೈ ಮುಟ್ಟಿದಾಗ ಬೆಚ್ಚಿ ತಿರುಗಿದಳು.

"ಈ ಕಡಿ ಕಿವಿ ಕೇಳಸೂದಿಲ್ಲ ನನಗ. ಕಕ್ಕೇರಾದಾಗ ಇದ್ದಾಗ ಹೋಯ್ತು."

ಹೇಗೆ ಹೋಯಿತು ಎಂದೆ. ಹೋಯಿತು ಎಂದಳು. ನನ್ನ ಬಲಗಡೆ ಕೂತರೆ ಮಾತ್ರ ಅವಳ ಒಳ್ಳೆಯ ಕಿವಿ ನನ್ನ ಕಡೆಗೆ ಬರುತ್ತದೆ ಎಂಬುದು ನನಗೆ ತಿಳಿಯಿತು. ತಿಳಿದ ಮೇಲೂ ಪೂರ್ತಿ ನಂಬಲಿಲ್ಲ. ಮರುದಿನ ಅವಳ ಬೆನ್ನ ಹಿಂದೆ, ಬಲಗಡೆಗೆ, ಹಿತ್ತಾಳೆಯ ಲೋಟವನ್ನು ಮೆಲ್ಲಗೆ ಬಾರಿಸಿ ನೋಡಿದೆ. ತಿರುಗಲಿಲ್ಲ. ಒಂದು ಅನುಮಾನ ಬಿದ್ದುಹೋಯಿತು. ಹಾಗೆ ಬಿದ್ದಾಗ ಮನಸ್ಸು ಹಗುರಾಗಬೇಕಿತ್ತು. ಆದರೆ ಇಷ್ಟು ದಿನ ಗಟ್ಟಿಯಾಗಿ ಹಿಡಿದುಕೊಂಡದ್ದು ಕೈಯಿಂದ ಹೋದಂತೆ ಅನಿಸಿತು.

ಅಷ್ಟರಲ್ಲಿ ನನ್ನ ಕೈ ಕುದುರಿತ್ತು. ಬರೀ ಅಡ್ಡಗೆರೆ ಹಾಕಿ ಹಾಕಿ ಬೇಸರ ಬಂದು ನಾನು ಗುರುತುಗಳಿಗೆ ಆಕಾರ ಕೊಡತೊಡಗಿದೆ. ಕಿರಾಣಿ ಅಂಗಡಿಯವರ ಪಂಚೆಯ ಅಂಚಿಗೆ ಇರುವೆ, ಅವರ ಬೆಲ್ಲದ ಡಬ್ಬಿಯ ಸುತ್ತ ಸದಾ ಸಾಲುಗಟ್ಟಿರುತ್ತಿತ್ತು. ಮಾಸ್ತರರಿಗೆ ಕನ್ನಡಕ. ಊರವರ ಚೇಳಿನ ಕಡಿತಕ್ಕೆ ಔಷಧ ಕೊಡುತ್ತಿದ್ದ ಕಂಪೌಂಡರರಿಗೆ ಚೇಳು. ವಕೀಲರ ಮನೆಯ ಗೇಟಿನ ಕಂಬದ ಮೇಲೆ ಯಾವಾಗಲೂ ಒಂದು ಹಲ್ಲಿ ಇರುತ್ತಿತ್ತು, ಅವರಿಗೆ ಹಲ್ಲಿ. ಅವರ ಮನೆಯ ಬಟ್ಟೆಯೆಲ್ಲ ಬಿಳಿ, ಎದ್ದು ಕಾಣಲೆಂದು ಕೆಂಪು ದಾರ ತೆಗೆದುಕೊಂಡೆ. ಯಾವುದೂ ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿರಲಿಲ್ಲ. ಹಲ್ಲಿಯ ಬಾಲ ಬಾಗುವ ಕಡೆ ದಾರವನ್ನು ಎಷ್ಟು ಎಳೆಯಬೇಕು, ಇರುವೆಯ ಸೊಂಟ ಎಷ್ಟು ಸಣ್ಣಗಿರಬೇಕು, ಇದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಜನರನ್ನು ಕದ್ದು ನೋಡುವ ಚಾಳಿ ನನಗೆ ಮೊದಲಿನಿಂದ ಇತ್ತು, ಯಾರು ನನ್ನ ಕೆನ್ನೆ ನೋಡುತ್ತಾರೆ ಎಂದು ಹಿಡಿಯಲು. ಈಗ ಅದೇ ಕಣ್ಣಿನಿಂದ ಅವರ ಮನೆಯ ಬಾಗಿಲಲ್ಲಿ ಏನಿದೆ, ಜೇಬಿನಲ್ಲಿ ಏನಿದೆ ಎಂದು ನೋಡತೊಡಗಿದೆ. ಒಂದು ಸಂಜೆ ಅವ್ವ ದೀಪ ತಂದಿಟ್ಟಾಗ ನನಗೆ ಗೊತ್ತಾಯಿತು, ಶಾಲೆಯಿಂದ ಬಂದಾಗಿನಿಂದ ನನಗೆ ಮುಖವೊಂದಿದೆ ಎಂಬುದೇ ನೆನಪಾಗಿರಲಿಲ್ಲ. ಅದು ನೆನಪಾದದ್ದೇ ತಡ ಕೈ ಕೆನ್ನೆಗೆ ಹೋಯಿತು. ಕಲೆ ಇದ್ದಲ್ಲೇ ಇತ್ತು. ಆದರೂ ಅಷ್ಟು ಹೊತ್ತು ಅದಿಲ್ಲದೆ ಇದ್ದೆನಲ್ಲ ಎಂದು ಒಳಗೊಳಗೇ ಆಶ್ಚರ್ಯಪಟ್ಟೆ.

ಅತ್ತೆ ಆ ಆಕಾರಗಳನ್ನು ನೋಡಿದ್ದಳು. ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಿದ್ದಳು. ಅಪ್ಪನಿಗೆ ಹೇಳಬೇಡ ಎಂದಿದ್ದಳು. ಅಪ್ಪ ಅಂಚು ತಿರುಗಿಸಿ ಬಣ್ಣ ನೋಡುತ್ತಿದ್ದನೇ ಹೊರತು ಆಕಾರ ನೋಡುತ್ತಿರಲಿಲ್ಲ. ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಆಮೇಲೆ ವಕೀಲರ ತಾಯಿ ಹಾಸಿಗೆ ಹಿಡಿದರು.

ಏನು ರೋಗವೆಂದು ಯಾರಿಗೂ ತಿಳಿಯಲಿಲ್ಲ. ಅನ್ನ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ. ಸೊಸೆ ಮುದುಕಿಯ ಸೀರೆ ಬದಲಿಸುವಾಗ ಅಂಚಿನೊಳಗೆ ಕೆಂಪು ದಾರದ ಹಲ್ಲಿ ಕಂಡಿತು. ಮಗನ ಅಂಗಿ ತಿರುಗಿಸಿದರೆ ಅಲ್ಲಿಯೂ ಹಲ್ಲಿ, ಹಾಸಿಗೆಯ ಚಾದರದಲ್ಲಿ, ದಿಂಬಿನ ಚೀಲದಲ್ಲಿ, ಎಲ್ಲೆಲ್ಲೂ. ನಮ್ಮ ಕಡೆ ಕೆಂಪು ದಾರ, ಹೊಲಿದ ಹುಳ, ಬೇನೆ ಬಿದ್ದ ಮುದುಕಿ ಮೂರೂ ಕೂಡಿದರೆ ಯಾರೂ ಬೇರೆ ಏನನ್ನೂ ಯೋಚಿಸುವುದಿಲ್ಲ. ಮಾಟ ಮಾಡಿಸಿದ್ದಾರೆ ಎಂಬ ಮಾತು ಮಧ್ಯಾಹ್ನದೊಳಗೆ ಓಣಿ ದಾಟಿತು. ಕಂಪೌಂಡರರ ಹೆಂಡತಿ ಗಂಡನ ಪ್ಯಾಂಟು ತಿರುಗಿಸಿ ಚೇಳನ್ನು ಕಂಡು ಅದನ್ನು ಅಂಗಳದಲ್ಲೇ ಸುಟ್ಟಳಂತೆ. ಕಿರಾಣಿ ಅಂಗಡಿಯವರು ಆಳನ್ನು ಕಳಿಸಿ ಒಗೆಯದ ಗಂಟನ್ನೇ ವಾಪಸು ಒಯ್ದರು. ನಡುಮನೆ ಖಾಲಿಯಾಗುತ್ತ ಬಂತು. ಒರಗಿ ಕೂಡಲು ಏನೂ ಉಳಿಯದೆ ನಾನು ಬರೀ ಗೋಡೆಗೆ ಅಂಟಿಕೊಂಡು ಕೂತೆ. ಎಲ್ಲರ ಮೇಲೂ ಅನುಮಾನಪಟ್ಟವಳು ನಾನು. ಈಗ ಊರೆಲ್ಲ ನಮ್ಮ ಮೇಲೆ ಅನುಮಾನಪಡುತ್ತಿತ್ತು. ಅದನ್ನು ಸಹಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಸಂಜೆಗೆ ವಕೀಲರೇ ಬಂದರು. ಅವರ ಹಿಂದೆ ಓಣಿಯ ನಾಲ್ಕೈದು ಮಂದಿ. ವಕೀಲರು ಅಂಗಿಯೊಂದನ್ನು ಇಸ್ತ್ರಿಯ ಮೇಜಿನ ಮೇಲೆ ಹರಡಿದರು. ಮುಖದಲ್ಲಿ ಸಿಟ್ಟಿಗಿಂತ ನಾಚಿಕೆ ಹೆಚ್ಚಿತ್ತು.

"ಮಾಚಪ್ಪ, ನಾ ಇಂಥಾವೆಲ್ಲ ನಂಬಾಂವಲ್ಲ. ಆದ್ರ ಮನ್ಯಾಗ ಹೆಂಗಸ್ರು ಊಟ ಬಿಟ್ಟು ಕುಂತಾರ. ಇದು ಏನಂತ ನೀನ ಹೇಳು."

"ಗುರ್ತ್ರಿ ಸಾಹೇಬ್ರ. ನಿಮ್ಮ ಮನಿ ಅರಿವಿ ಮಂದಿ ಮನೀಗಿ ಹೋಗಬಾರ್ದಂತ."

"ಗುರ್ತಿಗಿ ಹಲ್ಲಿ ಯಾಕ? ಊರಾಗ ಎಲ್ಲಾರೂ ಕ್ಯಾರಬೀಜದ ಚುಕ್ಕಿ ಇಡ್ತಾರ. ನಿಮ್ಮ ಮನ್ಯಾಗಷ್ಟೇ ದಾರ ಯಾಕ?"

ಅಪ್ಪ ಅಂಗಿಯನ್ನು ಕೈಗೆತ್ತಿಕೊಂಡು ಮೊದಲ ಸಲ ಆ ಆಕಾರವನ್ನು ನೋಡಿದ. ಗುಂಪಿನಿಂದ ಓಣಿಯ ಹೆಂಗಸೊಬ್ಬಳು, ನಾನು ದಿನವೂ ಅವಳ ಮನೆಯ ಮುಂದೆ ಹಾದು ಶಾಲೆಗೆ ಹೋಗುತ್ತಿದ್ದೆ, ಕತ್ತು ಚಾಚಿ ಒಳಗೆ ನನ್ನ ಕಡೆ ಕೈ ತೋರಿಸಿದಳು.

"ಹೊಲಿದಾಕಿ ಅಕಿನ ಅಂತ್ರಿ. ಆ ಮಾರಿ ನೋಡ್ರಿ ಸಾಹೇಬ್ರ. ಸುಮ್ಮ ಸುಮ್ಮನ ಹಂಗ ಆಗತದೇನು?"

ಎಲ್ಲರ ಕಣ್ಣೂ ನನ್ನ ಎಡಗೆನ್ನೆಗೆ ಬಂದವು. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕೇ. ಮುಚ್ಚಿಕೊಳ್ಳಲು ಕೈ ಎತ್ತಿದೆ, ಕೈಯಲ್ಲಿ ಸೂಜಿ ಇತ್ತು, ಎತ್ತಿದ ಕೈ ಹಾಗೇ ನಿಂತಿತು. ಅಷ್ಟರಲ್ಲಿ ಅಪ್ಪ ಅಂಗಿಯನ್ನು ಮೇಜಿನ ಮೇಲಿಟ್ಟು, ಇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ, ವಕೀಲರನ್ನಲ್ಲ, ನೆಲ ನೋಡುತ್ತ ಹೇಳಿದ:

"ಕ್ಯಾರಬೀಜ ನಮ್ಮ ಮನ್ಯಾಗ ತರೂದಿಲ್ರಿ. ಮೊದಲಿನ ಎರಡು ಕೂಸು ಹೋಗಿದ್ವು. ಇದು ಉಳೀಲಿ, ಇದಕ್ಕ ಮಂದಿ ಕಣ್ಣು ಬೀಳಬಾರ್ದಂತ ದೃಷ್ಟಿಬೊಟ್ಟು ಇಡ್ತಿದ್ವಿ. ಕಾಡಿಗಿ ಒರಸಿ ಹೋಗ್ತಿತ್ತು. ಒರಸಿ ಹೋಗಬಾರ್ದಂತ ಕ್ಯಾರಬೀಜದ ಎಣ್ಣಿ ಸೂಜಿ ತುದೀಲೆ ಹಚ್ಚಿದೆ. ಎಳ್ಳಿನಷ್ಟು. ಮಾರಿ ಎಲ್ಲಾ ಉಬ್ಬಿ ಸುಟ್ಟಿತು. ಹಚ್ಚಿದಾಂವ ನಾನ ರಿ."

ಆಗ ಅಡುಗೆಮನೆಯ ಬಾಗಿಲಿಂದ ಅತ್ತೆಯ ದನಿ ಬಂತು.

"ಅಣ್ಣಾ, ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ. ಹಚ್ಚಿದಾಕಿ ನಾನು."

ಅಪ್ಪ ಅವಳ ಕಡೆ ನೋಡಿ ಸುಮ್ಮನಿರು ಎಂದ. ಅವಳು ಸುಮ್ಮನಿರಲಿಲ್ಲ, ನಾನೇ ಹಚ್ಚಿದೆ ಎಂದು ಮತ್ತೆ ಹೇಳಿದಳು. ಅವ್ವ ಹಿಟ್ಟಿನ ಕೈಯಲ್ಲಿ ಅವರಿಬ್ಬರ ನಡುವೆ ಬಂದು ನಿಂತು, ಸಾಕು ಬಿಡಿರಿ ಎಂದಳು. ನಾನಲ್ಲ ಎಂದು ಅವಳೂ ಹೇಳಲಿಲ್ಲ.

ವಕೀಲರು ನನ್ನನ್ನು ಹತ್ತಿರ ಕರೆದರು. ಹೋದೆ. ಅವರು ನನ್ನ ಮುಖವನ್ನು ನೋಡಿದರು, ಕದ್ದು ಅಲ್ಲ, ಕಾಗದ ಓದುವವರ ಹಾಗೆ ನಿಧಾನವಾಗಿ. ಹಲ್ಲಿ ಯಾಕೆ ಎಂದು ಕೇಳಿದರು.

"ನಿಮ್ಮ ಗೇಟಿನ ಮ್ಯಾಲ ಇರತದಲ್ರಿ."

ಅವರ ಮೀಸೆ ಒಂದಿಷ್ಟು ಅಲುಗಿತು. ನಗಲಿಲ್ಲ, ಹಿಂದೆ ಮಂದಿ ಇದ್ದರು. ಇಲ್ಲಿಯೇ ಬಿಚ್ಚು ಎಂದರು. ನಾನು ಸೂಜಿಯ ತುದಿಯಿಂದ ಬಾಲದ ಕಡೆಯಿಂದ ಶುರುಮಾಡಿ ಹಲ್ಲಿಯನ್ನು ಬಿಚ್ಚಿದೆ, ಎಲ್ಲರೂ ನೋಡುತ್ತ ನಿಂತಿದ್ದರು. ಬಿಚ್ಚಿದ ದಾರವನ್ನು ಆ ಹೆಂಗಸೇ ಒಲೆಗೆ ಹಾಕಿಸಿದಳು. ಮುಂದಿನ ದಿನಗಳಲ್ಲಿ ಅಪ್ಪ ಮನೆಮನೆಗೆ ಹೋಗಿ ಕೈಮುಗಿದು ಬಟ್ಟೆ ತಂದ, ನಾನು ಇರುವೆ ಬಿಚ್ಚಿದೆ, ಕನ್ನಡಕ ಬಿಚ್ಚಿದೆ, ಬಿಚ್ಚಿದ ಜಾಗಕ್ಕೆ ಅಡ್ಡಗೆರೆ ಹಾಕಿದೆ. ಅಷ್ಟರಲ್ಲಿ ವಕೀಲರ ತಾಯಿ ಎದ್ದು ಕೂತು ಗಂಜಿ ಕುಡಿದರು. ಹಲ್ಲಿ ಬಿಚ್ಚಿದ್ದಕ್ಕೇ ಎಂದು ಅವರ ಮನೆಯ ಹೆಂಗಸರು ಇಂದಿಗೂ ನಂಬಿರಬೇಕು. ಅವರ ಗಂಟು ಮತ್ತೆ ಬಂತು, ಆದರೆ ಒಯ್ಯುವಾಗ ಪ್ರತಿಯೊಂದು ಅಂಚನ್ನೂ ತಿರುಗಿಸಿ ನೋಡಿಯೇ ಒಯ್ಯುತ್ತಿದ್ದರು. ಕಂಪೌಂಡರರ ಗಂಟು ಬರಲೇ ಇಲ್ಲ.

ನನ್ನ ಮುಖದ ಗುಟ್ಟು ಹೀಗೆ ಊರೆದುರಿಗೆ ಬಯಲಾಯಿತು. ತಿಳಿದರೆ ನೆಮ್ಮದಿಯಾಗುತ್ತದೆ ಎಂದು ಕಾದಿದ್ದೆ. ಆಗಲಿಲ್ಲ. ಕೇಡು ಬಯಸಿ ಮಾಡಿದ್ದಾಗಿದ್ದರೆ ಒಬ್ಬರನ್ನು ದ್ವೇಷಿಸಿಕೊಂಡು ಇರಬಹುದಿತ್ತು. ಉಳಿಯಲಿ ಎಂದು ಮಾಡಿದ್ದನ್ನು ಏನು ಮಾಡಬೇಕು. ಸಿಟ್ಟು ಇನ್ನೂ ಹೆಚ್ಚಾಯಿತು, ಅದನ್ನು ಇಡಲು ಜಾಗವಿರಲಿಲ್ಲ. ಅದರ ಮೇಲೆ ಹೊಸ ಅನುಮಾನ ಹುಟ್ಟಿತು: ಇಬ್ಬರಲ್ಲಿ ಯಾರದು ಸುಳ್ಳು. ಉಣ್ಣುವಾಗ ಅಪ್ಪನ ಬೆರಳು ನೋಡುತ್ತಿದ್ದೆ, ಆಮೇಲೆ ಅತ್ತೆಯ ಬೆರಳು. ಅವ್ವ ಅಂದು ಜಗಳದಲ್ಲಿ ಆಡಿದ ಮಾತನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದೆ. ಬೊಟ್ಟು ಇಟ್ಟದ್ದು ಅತ್ತೆಯ ಕಣ್ಣಿಗೆ ಹೆದರಿಯೇ? ಹಾಗಿದ್ದರೆ ಅವಳೇ ಯಾಕೆ ಹಚ್ಚುತ್ತಾಳೆ? ಕೇಳಿದರೆ ಅಪ್ಪ ಮತ್ತೆ ಇದ್ದಿಲು ತಾ ಎನ್ನುತ್ತಿದ್ದ.

ಆ ದಿನಗಳಲ್ಲಿ ನನ್ನನ್ನು ಉಳಿಸಿದ್ದು ಸೂಜಿ. ಊರವರ ಬಟ್ಟೆಗೆ ಇನ್ನು ಆಕಾರ ಹಾಕುವಂತಿರಲಿಲ್ಲ. ಅತ್ತೆ ತನ್ನ ಟ್ರಂಕಿನಿಂದ ಹಳೆಯ ಸೀರೆಯೊಂದನ್ನು ತೆಗೆದು, ಇದರ ಮೇಲೆ ಏನು ಬೇಕಾದರೂ ಹಾಕು ಎಂದಳು. ಗೇಟು ಹಾಕಿದೆ, ಗೇಟಿನ ಮೇಲೆ ಹಲ್ಲಿ ಹಾಕಿದೆ. ಬೆಲ್ಲದ ಡಬ್ಬಿ, ಸುರಪುರದ ಬಸ್ಸು, ನನ್ನ ಕಡೆ ಕೈ ತೋರಿಸಿದ ಹೆಂಗಸಿನ ಮೂಗು. ಅದು ನನ್ನ ಮುಖವನ್ನು ಬದಲಿಸಲಿಲ್ಲ, ಸಿಟ್ಟನ್ನೂ ಪೂರ್ತಿ ಕರಗಿಸಲಿಲ್ಲ. ಹೊಲಿಯುವಷ್ಟು ಹೊತ್ತು ಆ ಪ್ರಶ್ನೆ ಬರುತ್ತಿರಲಿಲ್ಲ, ಅಷ್ಟೇ. ಎದ್ದ ಮೇಲೆ ಬರುತ್ತಿತ್ತು, ಆದರೆ ಪ್ರತಿ ಸಲ ಸ್ವಲ್ಪ ತಡವಾಗಿ. ಈಗಲೂ ದಿನದ ಕೆಲಸ ಮುಗಿದ ಮೇಲೆ ಕೈಯಲ್ಲಿ ದಾರ ಹಿಡಿಯದೆ ನನಗೆ ಸಂಜೆ ಕಳೆಯುವುದಿಲ್ಲ.

ಅಪ್ಪ ಹೋದ, ಅವ್ವ ಹೋದಳು, ಶಹಾಪುರದ ಮನೆಗೆ ಬೇರೆಯವರು ಬಂದರು. ಅತ್ತೆ ಕೊನೆಯ ವರ್ಷಗಳನ್ನು ಯಾದಗಿರಿಯಲ್ಲಿ ನನ್ನ ಜೊತೆ ಕಳೆದಳು. ಈ ಬೇಸಿಗೆಯಲ್ಲಿ ಅವಳಿಗೆ ಏಳಲು ಆಗದಾಯಿತು. ಒಂದು ಮಧ್ಯಾಹ್ನ ಗಂಜಿ ಕುಡಿಸಿ, ಬಾಯಿ ಒರೆಸಿ, ಕೇಳುವ ಕಿವಿಯ ಹತ್ತಿರ ಬಗ್ಗಿ ಕೇಳಿದೆ:

"ಅತ್ತಿ, ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಈಗರ ಖರೇ ಹೇಳು. ಹಚ್ಚಿದ್ದು ಯಾರು?"

ಅವಳು ಕಣ್ಣು ಮುಚ್ಚಿಕೊಂಡೇ ನಿಧಾನವಾಗಿ ಹೇಳಿದಳು.

"ಒಬ್ರು ತಲಿ ಹಿಡಿದಿದ್ವಿ, ಒಬ್ರು ಕೈಕಾಲು ಹಿಡಿದಿದ್ವಿ, ಒಬ್ರು ಹಚ್ಚಿದ್ವಿ. ಯಾರು ಯಾವುದಂತ ಕೇಳಬ್ಯಾಡ ಸಾಬಮ್ಮ. ಮೂರೂ ಮಂದಿ ಇದ್ವಿ."

"ನಿನ್ನ ಕಣ್ಣಿಗಿ ಅಂಜಿ ಹಚ್ಚಿದ್ರೇನು?"

"ಹೂಂ. ನನ್ನ ಕಣ್ಣಿನ ಅಂಜಿಕಿ ನನಗೂ ಇತ್ತು."

ನಾನು ಅವಳ ಕೈ ಹಿಡಿದು ಕೂತೆ. ಆಚೆ ಯಾರದೋ ಮನೆಯ ಕುಕ್ಕರು ಕೂಗುತ್ತಿತ್ತು. ಕೇಳಲು ಇನ್ನೊಂದೇ ಉಳಿದಿತ್ತು. ಹಚ್ಚುವಾಗ ನಾನು ಬಹಳ ಅತ್ತೆನೇನು ಎಂದೆ.

"ಆವಾಗ ಎಲ್ಲಿ ಅಳತಿದ್ದಿ. ನಗಾಕತ್ತಿದ್ದಿ. ಮೂರೂ ಮಂದಿ ಒಮ್ಮೆಲೇ ನಿನ್ನ ಮಾರಿ ಮ್ಯಾಲ ಬಗ್ಗಿದ್ವಲ್ಲ, ಆಟ ಆಡಸ್ತಾರ ಅಂತ ತಿಳದಿ. ಅಳು ಸಂಜೀಕ ಬಂತು."

ಹಾಗೆ ನಗುತ್ತಿದ್ದ ನನ್ನ ಮುಖವನ್ನು ಕಂಡವರು ಮೂವರೇ. ಅವರಲ್ಲಿ ಕೊನೆಯವಳನ್ನು ಕಳೆದ ತಿಂಗಳು ಮಣ್ಣು ಮಾಡಿ ಬಂದೆವು.